ಒಂದೂವರೆ ನಿಮಿಷದ ನ್ಯಾಯ

ರಾಸ್ ಮಿಲ್ಹ
ಸೆಪ್ಟೆಂಬರ್ 9

ಪ್ರಿಯ ಎಮ್ನಾ,

ನಿನ್ನೆ ಸಂಜೆಯ ವಾರ್ತೆಯಲ್ಲಿ ನಮ್ಮ ಊರಿನ ಬಗ್ಗೆ ನೀನು ಓದಿದ ವರದಿ ತಪ್ಪು. ಬಾನುಲಿಯ ಮುಂದೆ ಕುಳಿತು ತಮ್ಮನ ಮಗಳ ದನಿ ಕೇಳಿ ಹೆಮ್ಮೆಪಡಬೇಕೆಂದಿದ್ದ ನಾನು, ಕೇಳುತ್ತ ಕೇಳುತ್ತ ಕೆಂಪು ಶಾಯಿಯ ಪೆನ್ನನ್ನು ಹುಡುಕತೊಡಗಿದೆ.

ಬಲೆ ಹೆಣೆಯುವ ಮುಂಧಿರ್ ಕುಡಿದಿರಲಿಲ್ಲ. ಅವನು ಪುದೀನಾ ಚಹಾ ಬಿಟ್ಟು ಬೇರೇನನ್ನೂ ಕುಡಿಯುವವನಲ್ಲ. ಅಲ್ಲಿ ನಡೆದದ್ದು "ಸಣ್ಣ ತಳ್ಳಾಟ"ವೂ ಅಲ್ಲ. ತಳ್ಳಾಟವೆನ್ನಬೇಕಾದರೆ ಎರಡು ಕಡೆಯವರೂ ತಳ್ಳಬೇಕು. ಇನ್ನು, "ಆ ವ್ಯಕ್ತಿ ಬಳಿಕ ಸ್ಥಳದಿಂದ ತೆರಳಿದ" ಎಂದು ನೀನು ಓದಿದೆ. ತೆರಳುವವನು ತನ್ನ ಕಾಲ ಮೇಲೆ ತೆರಳುತ್ತಾನೆ. ಮುಂಧಿರನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಆ ಬೆಳಿಗ್ಗೆ ನಾನು ಮೀನು ಕೊಳ್ಳಲು ಬಂದರಿಗೆ ಹೋಗಿದ್ದೆ. ಅಧ್ಯಕ್ಷ ಪದವಿಯ ಅಭ್ಯರ್ಥಿ ಶಾದ್ಲಿ ಬರ್ಗಾವಿ ಹರಾಜುಕಟ್ಟೆಯ ಮುಂದೆ ನಿಂತು, ಒಂದು ದೊಡ್ಡ ಮೀನನ್ನು ಬಾಲ ಹಿಡಿದು ಎತ್ತಿ ಕ್ಯಾಮೆರಾಕ್ಕೆ ತೋರಿಸುತ್ತಿದ್ದ. ಆಗ ಮುಂಧಿರ್ ಗುಂಪಿನಿಂದ ಕೇಳಿದ: "ಸಾಹೇಬ್ರೇ, ನಿಮ್ಮ ತಮ್ಮನ ದೊಡ್ಡ ದೋಣಿಗಳು ಸಮುದ್ರದ ತಳಾನೇ ಕೆರ್ಕೊಂಡು ಹೋಗ್ತಾವೆ. ನಮ್ಮ ಬಲೆ ಹರೀತಾವೆ. ನೀವು ಗೆದ್ರೆ ಅವು ನಿಲ್ತಾವಾ, ಇನ್ನೂ ನಾಕು ಬರ್ತಾವಾ?" ಜನ ನಕ್ಕರು. ಬರ್ಗಾವಿಯೂ ನಕ್ಕ. ನಗುತ್ತಲೇ ತನ್ನ ಕಾವಲಿನವರ ಕಡೆ ತಿರುಗಿ, "ಇವನನ್ನ ಕರ್ಕೊಂಡ್ಹೋಗಿ, ಸ್ವಲ್ಪ ಸಮಾಧಾನ ಮಾಡಿ" ಎಂದ. ಇಬ್ಬರು ಬಂದು ಅವನನ್ನು ಎತ್ತಿದರು. ಬಿಳಿಯ ವ್ಯಾನಿನ ಬಾಗಿಲು ಮುಚ್ಚಿತು. ಮುಂಧಿರ್ ಇಂದಿಗೂ ಮನೆಗೆ ಬಂದಿಲ್ಲ.

ಅದೇ ವಾರ್ತೆಯಲ್ಲಿ, ಅದೇ ಉಸಿರಿನಲ್ಲಿ, ಎದುರಾಳಿ ಫೌಜಿ ತ್ಲೀಲಿ ವೇದಿಕೆಯ ಮೇಲೆ ಬಿಸಿಲಿಗೆ ತಲೆಸುತ್ತಿ ಬಿದ್ದನೆಂದೂ ನೀನು ಓದಿದೆ. ಒಬ್ಬ ಬಿದ್ದದ್ದೂ ಇನ್ನೊಬ್ಬನನ್ನು ಎತ್ತಿಕೊಂಡು ಹೋದದ್ದೂ ಸಮವೆಂದು ನಿನಗೆ ಯಾರು ಹೇಳಿಕೊಟ್ಟರು? ನಾನಂತೂ ಹೇಳಿಕೊಟ್ಟಿಲ್ಲ.

ಫೋನಿನಲ್ಲಿ ಈ ಮಾತು ಬೇಡ. ಷೇರ್ ಟ್ಯಾಕ್ಸಿಯ ಬಶೀರ್ ಪತ್ರ ತರುತ್ತಾನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು. ಇಲ್ಲಿಯ ಯಾವ ಬಾನುಲಿಯೂ ಬಾಯಿ ತೆರೆಯುತ್ತಿಲ್ಲ. ನಿನ್ನ ತಂದೆಗೆ ಮಂಡಿನೋವು. ಆ ಬೆಳಿಗ್ಗೆ ಮನೆಯಲ್ಲಿದ್ದೆನೆಂದು ಹೇಳುತ್ತಾನೆ.

ನಿನ್ನ ಸೋದರತ್ತೆ,
ನಜೀಹಾ


ಬೇಜಾ
ಸೆಪ್ಟೆಂಬರ್ 12

ಪ್ರೀತಿಯ ಅತ್ತೆ,

ಸಲಾಮ್. ನಿಮ್ಮ ಪತ್ರವನ್ನು ಶೌಚಾಲಯದಲ್ಲಿ ನಿಂತು ಓದಿದೆ. ಕಚೇರಿಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಅದೊಂದೇ. ನಗಬೇಡಿ.

ನಾನು ಓದಿದ್ದು ಸುದ್ದಿಸಂಸ್ಥೆ ಕಳಿಸಿದ ಸಾಲುಗಳನ್ನು. "ಕುಡಿದಿದ್ದ" ಎಂಬುದನ್ನು ವಿಚಾರಿಸಬೇಕಿತ್ತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಎರಡು ಸುದ್ದಿಗಳನ್ನು ಜೊತೆಗಿಟ್ಟದ್ದು ನಮ್ಮ ನಿರ್ದೇಶಕರಾದ ಕಮ್ಮೂನ್ ಅವರ ನಿಯಮ. ಗೋಡೆಯ ಮೇಲೆ ಒಂದು ಬಿಳಿ ಬೋರ್ಡು, ಅದರಲ್ಲಿ ಎರಡು ಕಾಲಂ. ಬರ್ಗಾವಿಯ ದೋಷಕ್ಕೆ ಒಂದೂವರೆ ನಿಮಿಷ ಹೋದರೆ ತ್ಲೀಲಿಯ ದೋಷಕ್ಕೂ ಒಂದೂವರೆ ನಿಮಿಷ ಹೋಗಬೇಕು. ಪ್ರತಿ ಸಂಜೆ ಅವರು ಸ್ಟಾಪ್‌ವಾಚ್ ಹಿಡಿದು ಕೂರುತ್ತಾರೆ.

"ಎಮ್ನಾ, ಬರ್ಗಾವಿದು ಜಾಸ್ತಿ ಆಯ್ತು. ತ್ಲೀಲಿದು ಏನಾದ್ರೂ ಹುಡುಕು."

"ಇವತ್ತು ಏನೂ ಇಲ್ಲ ಸರ್."

"ಏನೂ ಇಲ್ಲ ಅಂದ್ರೆ? ಅಧ್ಯಕ್ಷ ಆಗೋಕೆ ಹೊರಟಿರೋ ಮನುಷ್ಯ ಕಣಮ್ಮ, ಏನೂ ಇಲ್ದೆ ಇರ್ತಾನಾ?"

ಅವರು ಕೆಟ್ಟವರಲ್ಲ ಅತ್ತೆ. ಹಿಂದಿನ ಚುನಾವಣೆಯಲ್ಲಿ ಒಂದು ಪಕ್ಷದವರು ಬಂದು ನಮ್ಮ ಮೈಕುಗಳನ್ನು ಮುರಿದಿದ್ದರು. ಅಂದಿನಿಂದ ಆ ಬೋರ್ಡೇ ನಮಗೆ ಗುರಾಣಿ. ಯಾರು ಬಂದು ಕೂಗಿದರೂ ಅದನ್ನು ತೋರಿಸುತ್ತಾರೆ.

ನಿಮ್ಮ ಪತ್ರ ಬಂದ ದಿನವೇ ಮುಂಧಿರನ ಹೆಂಡತಿ ಸಿಹಾಮಳಿಗೆ ಫೋನ್ ಮಾಡಿ ಮಾತು ಧ್ವನಿಮುದ್ರಿಸಿಕೊಂಡೆ. ಬರ್ಗಾವಿಯ ಕಚೇರಿಗೂ ಕೇಳಿದೆ, ನಿಮ್ಮವರು ಯಾರಾದರೂ ಉತ್ತರಿಸಿ ಎಂದು. "ನಮಗೆ ಹೇಳುವುದೇನೂ ಇಲ್ಲ" ಎಂದರು. ಅಷ್ಟೇ, ಮುಗಿಯಿತು. ಎದುರು ಪಕ್ಷದ ಮಾತಿಲ್ಲವಾದರೆ ಈ ಪಕ್ಷದ ಮಾತಿಗೂ ಜಾಗವಿಲ್ಲ, ಅದು ನಿಯಮ. ಅವರು ಸುಮ್ಮನಿದ್ದುಬಿಟ್ಟರು, ಸಿಹಾಮಳ ಬಾಯಿ ಮುಚ್ಚಿತು. ಅವಳ ಅಳು ನನ್ನ ಕಂಪ್ಯೂಟರಿನಲ್ಲೇ ಇದೆ.

ಆದರೆ ಒಂದು ಮಾತು, ಬೇಸರಿಸಬೇಡಿ. ತ್ಲೀಲಿ ಬಿದ್ದದ್ದು ಬಿಸಿಲಿಗಲ್ಲ. ದಕ್ಷಿಣದಲ್ಲಿ ಪ್ರಚಾರ ಮಾಡುತ್ತಿದ್ದೇನೆಂದು ಹೇಳಿಕೊಂಡ ವಾರಗಳಲ್ಲಿ ಆತ ಆಸ್ಪತ್ರೆಯಲ್ಲಿ ಮಲಗಿದ್ದ. ಹಳೆಯ ಚಿತ್ರಗಳನ್ನು ಹೊಸತೆಂದು ಹಂಚಿದ್ದಾರೆ. ನೀವು ಆತನಿಗೆ ಮತ ಹಾಕುವವರೆಂದು ನನಗೆ ಗೊತ್ತು. ಅದಕ್ಕಾಗಿ ಇದನ್ನು ನಾನು ಹೇಳದಿರಬೇಕೆ?

ಇಲ್ಲಿ ಎಲ್ಲ ಕ್ಷೇಮ. ಮನೆಯ ಬಾಗಿಲಿಗೆ ಹೊಸ ಬೀಗ ಹಾಕಿಸಿದೆ. ಹಳೆಯದು ತುಕ್ಕು ಹಿಡಿದಿತ್ತು. ಅಪ್ಪನ ಮಂಡಿಗೆ ಆಲಿವ್ ಎಣ್ಣೆ ಬಿಸಿಮಾಡಿ ಹಚ್ಚಲು ಹೇಳಿ. ಫೋನ್ ಮಾಡಿದರೆ ಹವಾಮಾನದ ವಿಷಯ ಮಾತ್ರ ಮಾತಾಡುತ್ತಾರೆ.

ನಿಮ್ಮ
ಎಮ್ನಾ


ರಾಸ್ ಮಿಲ್ಹ
ಸೆಪ್ಟೆಂಬರ್ 15

ಪ್ರಿಯ ಎಮ್ನಾ,

ತ್ಲೀಲಿಯ ವಿಷಯದಲ್ಲಿ ನೀನು ಹೇಳಿದ್ದು ಸರಿ. ಎರಡು ದಿನ ನಿನ್ನ ಮೇಲೆ ಕೋಪಿಸಿಕೊಂಡಿದ್ದು ಇಂದು ಒಪ್ಪಿದ್ದೇನೆ. ದೇಶವನ್ನು ಆಳುತ್ತೇನೆನ್ನುವವನು ತನ್ನ ರೋಗವನ್ನು ಮುಚ್ಚಿಟ್ಟರೆ ಅದು ಜನರಿಗೆ ತಿಳಿಯಬೇಕಾದ ಸಂಗತಿಯೇ. ಹೇಳು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹೇಳು. ಆದರೆ ಅದನ್ನು ತಂದು ಮುಂಧಿರನ ಬೆನ್ನಿಗೆ ಕಟ್ಟಬೇಡ. ನಿಮ್ಮ ನಿರ್ದೇಶಕರು ಅಳೆಯುತ್ತಿರುವುದು ಹೊತ್ತನ್ನು, ತೂಕವನ್ನಲ್ಲ. ಒಂದು ಮೂಟೆ ಹತ್ತಿಯ ತೂಕವನ್ನು ಗಜಕೋಲಿನಿಂದ ಕಂಡುಹಿಡಿಯಲು ಹೊರಟ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಸಾಕ್ಷಿಗಳನ್ನು ಕೇಳಲು ಹೊರಟೆ. ಅಂದು ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಗ ಕೇಳಿದರೆ ಒಬ್ಬರೂ ಇರಲಿಲ್ಲ.

ರೊಟ್ಟಿಯ ಬಾಯಾ, "ನಾನಾ? ಅಯ್ಯೋ ಟೀಚರಮ್ಮ, ಉರಿಯೋ ಒಲೆ ಬಿಟ್ಟು ನಾನೆಲ್ಲಿ ಹೋಗ್ಲಿ!" ಎಂದಳು. ಅಂದು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತವಳು ಅವಳೇ.

ಕಾಫಿ ಅಂಗಡಿಯ ಹಮ್ಮಾದಿ, "ನಾನವತ್ತು ಕಪ್ ತೊಳೀತಿದ್ದೆ ಟೀಚರಮ್ಮ. ಬೆನ್ನು ಸಮುದ್ರದ ಕಡೆ" ಎಂದ.

"ಇಡೀ ಬೆಳಿಗ್ಗೆಯೇ?"

"ತುಂಬಾ ಕಪ್ ಇತ್ತು."

ದೋಣಿಯ ಲಜ್ಹರ್ ಇನ್ನೂ ಜಾಣ. ಸುತ್ತ ನೋಡಿ, ದನಿ ತಗ್ಗಿಸಿ, "ಬರ್ಗಾವಿ ತಾನೇ ಕೈಯೆತ್ತಿ ಅವನ ಮುಖಕ್ಕೆ ಹೊಡೆದ ಅಂತ ಬರ್ದುಬಿಡಿ. ಆಗ ಜನಕ್ಕೆ ತಟ್ಟುತ್ತೆ" ಎಂದ.

"ಹೊಡೆದದ್ದನ್ನು ನೀನು ಕಂಡೆಯಾ?"

"ನಾನೆಲ್ಲಿ ಕಾಣ್ಲಿ? ನಾನು ಅಲ್ಲಿರ್ಲೇ ಇಲ್ವಲ್ಲ."

ಈ ಮಾತು ನಿನ್ನ ಕಿವಿಗೂ ಬಂದರೆ ನಂಬಬೇಡ. ಬರ್ಗಾವಿ ಹೊಡೆಯಲಿಲ್ಲ. ಅವನು ಬೈಯಲೂ ಇಲ್ಲ. ಅವನನ್ನು ನಾನು ಇಷ್ಟಪಡುವುದಿಲ್ಲ. ಹಾಗೆಂದು ಅವನು ಮಾಡದ್ದನ್ನು ಅವನ ತಲೆಗೆ ಕಟ್ಟಲಾರೆ. ಮಾಡಿದ್ದೇ ಸಾಕಷ್ಟಿದೆ: ಒಂದು ಮಾತು ಹೇಳಿದ, ಮನುಷ್ಯ ಇಲ್ಲವಾದ, ಮತ್ತೆ ಮೀನನ್ನು ಎತ್ತಿ ಹಿಡಿದ.

ಸಿಹಾಮ್ ದಿನವೂ ಠಾಣೆಗೆ ಹೋಗುತ್ತಾಳೆ. "ಗಂಡ ಅಂದ್ಮೇಲೆ ಒಮ್ಮೊಮ್ಮೆ ಹೋಗ್ತಾನೆ, ಬರ್ತಾನೆ. ನೀನೇನಾದ್ರೂ ಜಗಳ ಮಾಡಿದ್ಯಾ?" ಎಂದು ಕೇಳಿ ಕಳಿಸುತ್ತಾರೆ. ನಿನ್ನೆ ನನ್ನ ಅಡುಗೆಮನೆಯಲ್ಲಿ ಕುಳಿತು, "ಟೀಚರಮ್ಮ, ಅವರು ಎಲ್ಲೋ ಕೂಡಿಹಾಕಿದ್ರೂ ಪರವಾಗಿಲ್ಲ, ರೇಡಿಯೋದಲ್ಲಿ ಹೆಸರು ಬಂದ್ರೆ ಬಿಟ್ಟುಬಿಡ್ತಾರೆ. ಹೆಸರು ಬರದೇ ಇದ್ರೆ..." ಎಂದು ನಿಲ್ಲಿಸಿದಳು. ವಾಕ್ಯವನ್ನು ಅರ್ಧಕ್ಕೆ ಬಿಡಬಾರದೆಂದು ಮಕ್ಕಳಿಗೆ ಕಲಿಸಿದವಳು ನಾನು. ಅದನ್ನು ಮುಗಿಸೆಂದು ಅವಳಿಗೆ ಹೇಳಲಾಗಲಿಲ್ಲ.

ಹೊಸ ಬೀಗ ಹಾಕಿಸಿದ್ದು ಒಳ್ಳೆಯದು. ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಬುದ್ಧಿ ಕೊನೆಗೂ ನಿನಗೆ ಬಂತಲ್ಲ.

ನಜೀಹಾ


ಬೇಜಾ
ಸೆಪ್ಟೆಂಬರ್ 18

ಪ್ರೀತಿಯ ಅತ್ತೆ,

ಆಯಿತು! ನಿನ್ನೆ ಸಂಜೆ ನಿಮ್ಮ ಮೊದಲ ಪತ್ರದ ಆ ಭಾಗವನ್ನು, ಬರ್ಗಾವಿ ಮೀನು ಎತ್ತಿದಲ್ಲಿಂದ ವ್ಯಾನಿನ ಬಾಗಿಲು ಮುಚ್ಚುವವರೆಗೆ, ಪ್ರಸಾರದಲ್ಲಿ ಓದಿದೆ. "ಕೇಳುಗರೊಬ್ಬರ ಪತ್ರ" ಎಂದು. ಕೇಳುಗರ ಪತ್ರಗಳು ಬೋರ್ಡಿನ ಯಾವ ಕಾಲಮ್ಮಿಗೂ ಸೇರುವುದಿಲ್ಲ. ಈ ಉಪಾಯ ಮೊದಲೇ ಏಕೆ ಹೊಳೆಯಲಿಲ್ಲವೋ! ಕಮ್ಮೂನ್ ಗೊಣಗಿದರು, ಆದರೆ ತಡೆಯಲಿಲ್ಲ.

ನೀವು ಹೆದರಬೇಡಿ. ಹೆಸರು ಹೇಳಲಿಲ್ಲ, ಊರಿನ ಯಾವ ಬೀದಿಯೆಂದೂ ಹೇಳಲಿಲ್ಲ, ಹೆಂಗಸೋ ಗಂಡಸೋ ಎಂದು ಕೂಡ ಹೇಳಲಿಲ್ಲ. ನಿಮ್ಮ ಒಂದು ಪದವನ್ನೂ ಬದಲಿಸಲಿಲ್ಲ, ಅಷ್ಟು ಖಚಿತವಾಗಿತ್ತು. ಮುಗಿದ ಮೇಲೆ ಫೋನುಗಳು ನಿಲ್ಲಲೇ ಇಲ್ಲ. ಮುಂಧಿರನ ಹೆಸರನ್ನು ಈಗ ಊರೂರಿನವರು ಹೇಳುತ್ತಿದ್ದಾರೆ.

ಅಪ್ಪ ಕೇಳಿದರೇ? ಏನೆಂದರು?

ನಿಮ್ಮ
ಎಮ್ನಾ


ರಾಸ್ ಮಿಲ್ಹ
ಸೆಪ್ಟೆಂಬರ್ 20

ಎಮ್ನಾ,

ನೀನು ನನ್ನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಈ ಊರಿನ ಮೂರು ತಲೆಮಾರು ನನ್ನ ಮುಂದೆ ಕುಳಿತು ಉಕ್ತಲೇಖನ ಬರೆದಿದೆ. ಹಮ್ಮಾದಿಯ ಅಂಗಡಿಯಲ್ಲಿ ಬಾನುಲಿ ಹಾಕಿದ್ದರಂತೆ. ನೀನು ಎರಡು ವಾಕ್ಯ ಓದುವಷ್ಟರಲ್ಲಿ ಅವನು ತಟ್ಟೆ ಕೆಳಗಿಟ್ಟು, "ಇದು ನಮ್ಮ ಟೀಚರಮ್ಮಂದೇ! ಪುಸ್ತಕ ಬಾಯಿಬಿಟ್ಟು ಮಾತಾಡಿದ ಹಾಗೆ ಮಾತಾಡೋರು ಈ ಊರಲ್ಲಿ ಇನ್ಯಾರಿದಾರೆ?" ಎಂದು ಕೂಗಿದನಂತೆ. ಹೆಮ್ಮೆಯಿಂದಲೇ ಕೂಗಿದ, ಪಾಪ. ಮೂಲೆಯ ಮೇಜಿನಲ್ಲಿ ಬರ್ಗಾವಿಯ ತಮ್ಮನ ದೋಣಿಗಳ ಮೇಸ್ತ್ರಿ ಕುಳಿತಿದ್ದುದನ್ನು ಅವನು ಗಮನಿಸಿರಲಿಲ್ಲ. ನೀನು ಒಂದು ಪದವನ್ನಾದರೂ ಕೆಡಿಸಿ ಓದಬಾರದಿತ್ತೆ!

ಮರುದಿನ ಬೆಳಿಗ್ಗೆಯಿಂದ ನನ್ನ ಮನೆಯೆದುರು ಬೂದುಬಣ್ಣದ ಕಾರು ನಿಂತಿದೆ. ಒಳಗಿರುವವರು ಸೂರ್ಯಕಾಂತಿ ಬೀಜ ತಿಂದು ಸಿಪ್ಪೆಯನ್ನು ಕಿಟಕಿಯಿಂದ ಉಗುಳುತ್ತಾರೆ. ನಿನ್ನೆ ಅವರಲ್ಲೊಬ್ಬ ಬಂದು ಬಾಗಿಲು ತಟ್ಟಿದ. ಬಹಳ ಮರ್ಯಾದೆಯ ಹುಡುಗ.

"ಅಮ್ಮ, ನೀವೊಬ್ರೇ ಇರೋದಾ ಇಲ್ಲಿ?"

"ಏಕೆ?"

"ಏನಿಲ್ಲ, ವಯಸ್ಸಾಗಿದೆಯಲ್ಲ, ಮೆಟ್ಟಿಲು ಕಡಿದಾಗಿದೆ. ಬಿದ್ದುಗಿದ್ದೀರಿ ಅಂತ."

ಅವನು ಹೋದ ಮೇಲೆ ಬಾಗಿಲಿಗೆ ಕುರ್ಚಿಯನ್ನು ಒತ್ತಿಟ್ಟೆ. ಕುರ್ಚಿಯಿಂದ ಏನೂ ಆಗದೆಂದು ನನಗೆ ಗೊತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದೇನೆ. ಅದಕ್ಕೂ ಮುಂಚೆ ಹಿಂದೆ ಯಾರಿದ್ದಾರೆಂದು ನೋಡುತ್ತೇನೆ. ಈ ಅಕ್ಷರಗಳನ್ನು ನೋಡು. ಇವು ನನ್ನ ಅಕ್ಷರಗಳೇ? ಬಾಯಾ ರೊಟ್ಟಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾಳೆ. ನಿನ್ನ ಬೀಗದ ಅರ್ಥ ಇಂದು ಹೊಳೆಯಿತು. ನಿನ್ನ ಬಳಿಗೆ ಯಾರು ಬಂದಿದ್ದರು?

ನಿನ್ನ ತಂದೆಯ ವಿಷಯ ಕೇಳಿದ್ದೀಯೆ. ಇನ್ನು ಮರೆಮಾಚಲಾರೆ. ಸಾಲಹ್ ಆ ಬೆಳಿಗ್ಗೆ ಮನೆಯಲ್ಲಿರಲಿಲ್ಲ. ಹರಾಜುಕಟ್ಟೆಯ ಮುಂದೆ, ಮುಂಧಿರನ ಪಕ್ಕದಲ್ಲೇ ನಿಂತಿದ್ದ. ಅವರು ಎತ್ತುವಾಗ ಅವನು ಮುಂಧಿರನ ತೋಳು ಹಿಡಿದುಕೊಂಡಿದ್ದ. ಅವರಲ್ಲೊಬ್ಬ ಅವನ ಮುಖ ನೋಡಿದ. ಸಾಲಹ್ ಕೈ ಬಿಟ್ಟ. ಅವನ ಕೆಲಸ ಇರುವುದು ಬರ್ಗಾವಿಯ ತಮ್ಮನ ಕೈಯಲ್ಲಿ, ನಿನಗೆ ಗೊತ್ತು. ಅದೇ ಸಂಜೆ ನನ್ನಲ್ಲಿಗೆ ಬಂದು, "ಅಕ್ಕಾ, ನಾನು ಅಲ್ಲಿರ್ಲಿಲ್ಲ, ಅಲ್ವಾ?" ಎಂದ. ಹೇಳಲಿಲ್ಲ, ಕೇಳಿದ. ನಾನು ಚಹಾ ಮಾಡಲು ಎದ್ದೆ.

ನಜೀಹಾ


ಬೇಜಾ
ಸೆಪ್ಟೆಂಬರ್ 23

ಅತ್ತೆ,

ನನ್ನಿಂದ ನಿಮಗೆ ಹೀಗಾಯಿತು. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಹೌದು, ಬರ್ಗಾವಿಯ ಕಡೆಯವರು ಬಂದಿದ್ದರು. ಸಿಹಾಮಳಿಗೆ ಫೋನ್ ಮಾಡಿದ ಮರುದಿನವೇ, ಮಾಡಿದ್ದೇಕೆಂದು ಕೇಳಲು, ನನ್ನ ಮನೆಗೆ. ನಿಮ್ಮ ಪತ್ರ ಪ್ರಸಾರವಾದ ಮೇಲೆ ಕಚೇರಿಗೇ ಬಂದು ಕಮ್ಮೂನ್ ಅವರ ಮುಂದೆ ಕುಳಿತರು. "ಯಾರು ಬರ್ದಿದ್ದು ಅಂತ ನಿಮ್ಮ ಬಾಯಿಂದ್ಲೇ ಬರ್ಲಿ. ಹೆಸರು ಹೇಳಿ, ನಾವು ಕಾಫಿ ಕುಡ್ದು ಹೋಗ್ತೀವಿ" ಎಂದರು. ಕಮ್ಮೂನ್ ಅಭ್ಯಾಸಬಲದಿಂದ ಬೋರ್ಡು ತೋರಿಸಿದರು: ನೋಡಿ, ಎರಡೂ ಸಮ. ಅವರಲ್ಲೊಬ್ಬ ಬೋರ್ಡಿನ ಬಳಿ ಹೋಗಿ, ತ್ಲೀಲಿಯ ಕಾಲಮ್ಮಿನಲ್ಲಿದ್ದುದನ್ನೆಲ್ಲ ಹಾಗೇ ಬಿಟ್ಟು, ಬರ್ಗಾವಿಯದನ್ನು ಮಾತ್ರ ಅಂಗೈಯಿಂದ ಒರೆಸಿದ. "ಈಗ ಸಮ" ಎಂದ. ಹೆಸರು ಸಿಗದೆ ಹೋದರು.

ಅವರು ಹೋದ ಮೇಲೆ ಕಮ್ಮೂನ್ ಒಂದು ಲೋಟ ನೀರು ಕುಡಿದರು. ಆಮೇಲೆ ಎದ್ದು ಉಳಿದದ್ದನ್ನೂ ಒರೆಸಿ, "ಎಮ್ನಾ, ಇವ್ರು ಇಲ್ಲಿಗೆ ಬಂದಿದ್ದನ್ನ ಯಾವ ಕಾಲಮ್ಮಲ್ಲಿ, ಎಷ್ಟು ನಿಮಿಷ ಅಂತ ಬರೀಲಿ?" ಎಂದರು.

ಈಗ ಅವರ ಮಾತು ಇದು. ಶನಿವಾರ ಪ್ರಚಾರಕ್ಕೆ ವಿರಾಮ, ಏನನ್ನೂ ಪ್ರಸಾರ ಮಾಡುವಂತಿಲ್ಲ, ಭಾನುವಾರ ಮತದಾನ. ಆದ್ದರಿಂದ ಶುಕ್ರವಾರ ಸಂಜೆಯ ವಾರ್ತೆಯೇ ಕೊನೆಯದು. ಅದರಲ್ಲಿ ತ್ಲೀಲಿಯ ಆಸ್ಪತ್ರೆಯ ಸುದ್ದಿಯನ್ನು ಅದಕ್ಕೆ ತಕ್ಕಷ್ಟು, ಮುಂಧಿರನ ಸುದ್ದಿಯನ್ನು ಅದಕ್ಕೆ ತಕ್ಕಷ್ಟು ಓದುತ್ತೇವೆ. ಸ್ಟಾಪ್‌ವಾಚ್ ಇಲ್ಲ. ಆದರೆ ಹೆಸರಿಲ್ಲದ ಪತ್ರ ಇನ್ನು ಸಾಲದು; ಅದನ್ನು ಗಾಳಿಮಾತೆಂದು ತಳ್ಳಿಹಾಕುತ್ತಾರೆ. ಕಣ್ಣಾರೆ ಕಂಡವರು ಹೆಸರು ಕೊಡಬೇಕು. ಒಬ್ಬರಲ್ಲ, ಹಲವರು.

ಅತ್ತೆ, ಒಂದು ಬೇಡಿಕೆ. ಅಪ್ಪನ ಹೆಸರು ಬೇಡ. ಹಮ್ಮಾದಿ, ಬಾಯಾ, ಯಾರದಾದರೂ ಇರಲಿ. ಅಪ್ಪನಿಗೆ ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಬರೆಯುತ್ತಿರುವಾಗಲೇ ನಾನು ಏನು ಕೇಳುತ್ತಿದ್ದೇನೆಂದು ನನಗೆ ತಿಳಿಯುತ್ತಿದೆ. ಆದರೂ ಕೇಳುತ್ತಿದ್ದೇನೆ.

ಎಮ್ನಾ


ರಾಸ್ ಮಿಲ್ಹ
ಸೆಪ್ಟೆಂಬರ್ 26

ಪ್ರಿಯ ಎಮ್ನಾ,

ನಿನ್ನನ್ನು ಗದರಿಸುವ ಹಕ್ಕು ನನಗಿಲ್ಲ. ನೀನು ಬಾಯಿಬಿಟ್ಟು ಕೇಳಿದ್ದನ್ನು ನಾನು ಕೇಳದೆಯೇ ಮಾಡಿದ್ದೆ. ಊರಿನವರೆಲ್ಲರ ಸುಳ್ಳನ್ನು ನಿನಗೆ ಬರೆದು ನಗಿಸುತ್ತಿದ್ದಾಗ ನನ್ನ ತಮ್ಮನ ಸುಳ್ಳನ್ನು ಮಾತ್ರ ಮಂಡಿನೋವೆಂದು ಕರೆದೆ. ಬರ್ಗಾವಿಗೆ ಒಂದು ತಕ್ಕಡಿ, ತ್ಲೀಲಿಗೆ ಒಂದು ತಕ್ಕಡಿ ಎನ್ನುವವರನ್ನು ಬೈಯುವ ನಾವಿಬ್ಬರೂ ಸಾಲಹನಿಗೆಂದು ಮೂರನೆಯದನ್ನು ಬಚ್ಚಿಟ್ಟುಕೊಂಡಿದ್ದೆವು. ಅವನ ಹೆಸರು ಬರೆಯುವುದಿಲ್ಲವೆಂದೇ ನಿನ್ನ ಪತ್ರ ಓದಿ ನಿಶ್ಚಯಿಸಿದ್ದೆ. ಇದು ನಿನಗೆ ತಿಳಿದಿರಲಿ.

ನಡೆದದ್ದು ಹೀಗೆ. ಮೊನ್ನೆ ಸಿಹಾಮ್ ಹಾಡಹಗಲೇ ಬಂದು, ನನ್ನ ಮೆಟ್ಟಿಲಿನ ಮೇಲೆ, ಕಾರಿನ ಎದುರಿಗೇ ಕುಳಿತಳು. ಒಳಗೆ ಬಾ ಎಂದೆ. "ಬೇಡ ಟೀಚರಮ್ಮ. ನಿಮ್ಮನ್ನ ತಳ್ಳಬೇಕಾದ್ರೆ ನನ್ನ ದಾಟ್ಕೊಂಡು ಬರ್ಲಿ" ಎಂದಳು. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ನಾನು ಅವಳ ಪಕ್ಕದಲ್ಲಿ ಕುಳಿತೆ. ಕಂಡವರ ಹೆಸರು ಬೇಕೆಂದು ನೀನು ಬರೆದದ್ದನ್ನು ಬೆಳಿಗ್ಗೆಯೇ ಬಾಯಾ, ಹಮ್ಮಾದಿ, ಲಜ್ಹರ್ ಮೂವರಿಗೂ ಹೇಳಿದ್ದೆ.

ಮಧ್ಯಾಹ್ನ ಬಾಯಾ ಬಿಸಿರೊಟ್ಟಿ ತಂದು ನನ್ನ ಕೈಗೇ ಕೊಟ್ಟಳು. "ಬರ್ಕೊಳ್ಳಿ ಟೀಚರಮ್ಮ. ಅವತ್ತು ಒಲೆ ಹಚ್ಚಿರ್ಲೇ ಇಲ್ಲ. ನಿಮ್ಮೊಬ್ರದೇ ಹೆಸರಾದ್ರೆ ನಿಮ್ಮೊಬ್ರನ್ನೇ ಒಯ್ತಾರೆ. ಇಷ್ಟು ಜನಾನ ಆ ಪುಟ್ಟ ಕಾರಲ್ಲಿ ಹೇಗೆ ತುಂಬ್ತಾರೆ, ನೋಡೇಬಿಡೋಣ" ಎಂದಳು. ಗಟ್ಟಿಯಾಗಿ ನಕ್ಕಳು.

ಹಮ್ಮಾದಿ ಬಂದು ತಲೆ ತಗ್ಗಿಸಿ, "ಕಪ್ ಅಷ್ಟೊಂದೇನೂ ಇರ್ಲಿಲ್ಲ" ಎಂದ. ಲಜ್ಹರ್, "ಹೊಡೀಲಿಲ್ಲ ಅಂತಾನೇ ಬರೀರಿ. ನೀವು ಹೇಳಿದ್ದೇ ಸರಿ. ಆದ್ರೆ ಅವನು ಹೇಳಿದ ಮಾತು ನಂಗೂ ಕೇಳಿಸ್ತು" ಎಂದ. ಸಿಹಾಮ್ ತನ್ನ ಹೆಸರನ್ನೂ ಸೇರಿಸಬೇಕೆಂದು ಅತ್ತಳು. ನಾನು ಒಪ್ಪಲಿಲ್ಲ. ಅವಳು ಅಂದು ಬಂದರಿನಲ್ಲಿರಲಿಲ್ಲ. ಒಂದು ಹೆಸರು ಸುಳ್ಳಾದರೆ ಎಲ್ಲ ಹೆಸರುಗಳೂ ಸುಳ್ಳಾಗುತ್ತವೆ.

ಸಂಜೆ ಸಾಲಹ್ ಬಂದ. ನಾನು ಕರೆದಿರಲಿಲ್ಲ. ಕಾರಿನ ಪಕ್ಕದಲ್ಲೇ ನಡೆದುಬಂದು, ಸಿಹಾಮಳ ಮುಂದೆ ನಿಂತು, "ನಾನು ಹಿಡ್ಕೊಂಡಿದ್ದೆ ಕಣಮ್ಮ. ಆಮೇಲೆ ಬಿಟ್ಟೆ" ಎಂದ. ಅವಳು ಸ್ವಲ್ಪ ಸರಿದು ಮೆಟ್ಟಿಲಿನ ಮೇಲೆ ಜಾಗ ಮಾಡಿಕೊಟ್ಟಳು. ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿದೆ. ಅವನು ಕಣ್ಣೊರೆಸಿಕೊಂಡು, "ಮಗಳಿಗೆ ಹೇಳು, ಹವಾಮಾನ ಮಾತಾಡಿ ಮಾತಾಡಿ ಸಾಕಾಗಿದೆ ಅಂತ. ಅಕ್ಕಾ, ನನ್ನ ಹೆಸರು ಕೊನೇಲಿ ಬರಿ. ಅಷ್ಟರೊಳಗೆ ಧೈರ್ಯ ಬಂದ್ರೂ ಬರ್ಬಹುದು" ಎಂದ.

ಬಂದಿದೆಯೋ ಇಲ್ಲವೋ ತಿಳಿಯದು. ಯಾರಿಗೂ ಬಂದಿಲ್ಲವೆಂದೇ ನನ್ನ ಭಾವನೆ. ಕಾರು ಇನ್ನೂ ಅಲ್ಲೇ ಇದೆ, ಈಗ ಅದರ ಹಿಂದೆ ಇನ್ನೊಂದು ನಿಂತಿದೆ. ಬಶೀರ್ ಈ ಪತ್ರವನ್ನು ಟೈರಿನ ಉಪಕರಣಗಳ ಚೀಲದಲ್ಲಿಟ್ಟು ತರುತ್ತಾನೆ.

ಓದುವಾಗ ಹೀಗೆ ಓದು. ಬರ್ಗಾವಿ ಕೈಯೆತ್ತಲಿಲ್ಲ. ಅವನು ಹೇಳಿದ ವಾಕ್ಯ ನಾನು ಬರೆದಷ್ಟೇ. ಒಂದು ಪದವನ್ನೂ ಸೇರಿಸಬೇಡ, ಬಿಡಬೇಡ. ಎತ್ತಿಕೊಂಡು ಹೋದವರು ಅವನ ಕಾವಲಿನವರು. ಮುಂಧಿರ್ ಎಲ್ಲಿದ್ದಾನೆಂದು ನಮಗೆ ಗೊತ್ತಿಲ್ಲ; ಗೊತ್ತಿಲ್ಲವೆಂದೇ ಹೇಳು. ತ್ಲೀಲಿಯ ಸುದ್ದಿಯನ್ನು ಅವನಿಗೆ ಮತ ಹಾಕುವ ನನ್ನಂಥವಳಿಗೂ ಚುಚ್ಚುವಂತೆ ನೇರವಾಗಿ ಓದು. ಆಮೇಲೆ ಈ ಹೆಸರುಗಳು. ಎಲ್ಲವನ್ನೂ ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ. ಕೊನೆಯದಕ್ಕೆ ದನಿ ತಗ್ಗಿಸಬೇಡ, ಅವಸರವನ್ನೂ ಮಾಡಬೇಡ.

ಆ ಬೆಳಿಗ್ಗೆ ರಾಸ್ ಮಿಲ್ಹದ ಬಂದರಿನಲ್ಲಿ ಇದ್ದವರು:

ಮುಂಧಿರ್ ಶ್ಕೀರ್, ಬಲೆ ಹೆಣೆಯುವವನು.
ನಜೀಹಾ ದ್ರೀಸ್, ನಿವೃತ್ತ ಅಧ್ಯಾಪಕಿ.
ಬಾಯಾ ಮರ್ಜೂಕ್, ರೊಟ್ಟಿ ಮಾರುವವಳು.
ಹಮ್ಮಾದಿ ಶೂಶಾನ್, ಕಾಫಿ ಅಂಗಡಿಯವನು.
ಲಜ್ಹರ್ ಬೂಗತ್ತಾಯಾ, ದೋಣಿಯ ಒಡೆಯ.
ಸಾಲಹ್ ದ್ರೀಸ್, ಹರಾಜುಕಟ್ಟೆಯ ಗುಮಾಸ್ತ.